ಸಿಆರ್‌ಪಿ ಎಷ್ಟು ಬಂತು ಅಂತ ಕೇಳುವ ಮೊದಲು ಗಂಟೆ ಬರೆದುಕೊಳ್ಳಿ

ಐಸಿಯು ಬಾಗಿಲು ತೆಗೆದು ಹೊರಗೆ ಬಂದ ಕೂಡಲೇ ನನಗೆ ಎದುರಾಗುವ ಪ್ರಶ್ನೆ ಒಂದೇ. "ಡಾಕ್ಟ್ರೇ, ಇವತ್ತು ಸಿಆರ್‌ಪಿ ಎಷ್ಟು ಬಂತು?" ಸಿಆರ್‌ಪಿ ಅಂದರೆ ಮೈಯೊಳಗೆ ಸೋಂಕು, ಗಾಯ ಇದ್ದರೆ ರಕ್ತದಲ್ಲಿ ಏರುವ ಒಂದು ಪ್ರೋಟೀನ್, ಅದನ್ನು ಅಳೆಯುವ ಟೆಸ್ಟ್. ನಾನು ಹೊಟ್ಟೆ ಆಪರೇಷನ್ ಮಾಡುವ ಸರ್ಜನ್. ಕರುಳು ತೂತಾದವರು, ಅಪೆಂಡಿಕ್ಸ್ ಒಡೆದವರು, ಅಪಘಾತದಲ್ಲಿ ಲಿವರ್ ಸೀಳಿದವರು, ಇವರೇ ನನ್ನ ಪೇಷಂಟ್‌ಗಳು. ನಂಬರ್ ಹೇಳುತ್ತೇನೆ. ಕೇಳಿದವರ ಮುಖ ಅರಳುತ್ತದೆ, ಇಲ್ಲವೇ ಬಾಡುತ್ತದೆ. ಎರಡೂ ಅವಸರವೇ. ಫೈಲ್ ಹಿಡಿದು ಹೊರಗೆ ಕೂತವರು ಆ ಕಾಗದವನ್ನು ಹೇಗೆ ಓದಬೇಕು ಅಂತ ಇಲ್ಲಿ ಬರೆದಿದ್ದೇನೆ. ನೀವೇ ಔಷಧಿ ಬದಲಿಸಲಿ ಅಂತಲ್ಲ, ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಲಿ ಅಂತ.

ಮೊದಲು ಫೈಲಿನ ಹಿಂಬದಿಗೆ ಪೆನ್ಸಿಲ್‌ನಲ್ಲಿ ಒಂದು ಸಮಯ ಬರೆಯಿರಿ. ಆಸ್ಪತ್ರೆಗೆ ಬಂದ ಸಮಯ ಬೇಡ. ನೋವು ಶುರುವಾದ ಸಮಯ, ಅಥವಾ ಪೆಟ್ಟು ಬಿದ್ದ ಸಮಯ. ಪ್ರತಿ ರಿಪೋರ್ಟಿನ ಪಕ್ಕ "ಇಷ್ಟನೇ ಗಂಟೆ" ಅಂತ ಗುರುತು ಹಾಕುತ್ತಾ ಹೋಗಿ.

ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತು. ಹೊಕ್ಕುಳ ಸುತ್ತ ನೋವು ಅಂತ ಒಬ್ಬ ಹುಡುಗ ರಾತ್ರಿ ಬಂದ. ನೋವು ಶುರುವಾಗಿ ಐದು ಗಂಟೆ ಆಗಿತ್ತು. ಸಿಆರ್‌ಪಿ 4. ನಾರ್ಮಲ್ ಅಂತ ನಾನೇ ಮನೆಗೆ ಕಳಿಸಿದೆ. ಮರುದಿನ ರಾತ್ರಿ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿ ವಾಪಸ್ ಬಂದ. ಸಿಆರ್‌ಪಿ 190, ಅಪೆಂಡಿಕ್ಸ್ ಒಡೆದಿತ್ತು. ಹುಡುಗ ಉಳಿದ. ಲ್ಯಾಬ್ ತಪ್ಪು ಮಾಡಿರಲಿಲ್ಲ. ನಾನು ತೀರಾ ಬೇಗ ಕೇಳಿದ್ದೆ, ಅಷ್ಟೆ.

ಯಾಕೆ ಹಾಗಾಗುತ್ತದೆ ಅಂತ ತಿಳಿಯಲು ಹೊಟ್ಟೆಯೊಳಗೆ ಇಣುಕಬೇಕು. ಹೊಟ್ಟೆಯ ಒಳಗೋಡೆಗೂ ಕರುಳಿನ ಮೇಲಕ್ಕೂ ಪೆರಿಟೋನಿಯಂ ಅನ್ನುವ ತೆಳ್ಳನೆ ಪೊರೆ ಇದೆ. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಮೈಚರ್ಮದಷ್ಟೇ ಅಗಲ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕಣಗಳು ಓಡಾಡುತ್ತಿರುತ್ತವೆ. ಕರುಳಿನಿಂದ ಬ್ಯಾಕ್ಟೀರಿಯಾ ಸೋರಿದರೆ, ಅವುಗಳ ಹೊರಕವಚದ ಎಂಡೋಟಾಕ್ಸಿನ್ ಈ ಕಣಗಳಿಗೆ ಗೊತ್ತಾಗಿಬಿಡುತ್ತದೆ. ಗುರುತು ಹಿಡಿಯುವ ರಿಸೆಪ್ಟರ್‌ನ ಹೆಸರು ಟಿಎಲ್‌ಆರ್-4. ಅದನ್ನು 1998ರಲ್ಲಿ ತೋರಿಸಿಕೊಟ್ಟ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಪಡೆದವರಲ್ಲಿ ಒಬ್ಬರು.

ಗುರುತು ಸಿಕ್ಕಿದ ಮೇಲೆ ಕೂಗು ಏಳುತ್ತದೆ, ಅಂದರೆ ಕಣಗಳು ಸುದ್ದಿ ಹೊರುವ ಪ್ರೋಟೀನ್‌ಗಳನ್ನು ಬಿಡುತ್ತವೆ. ಟಿಎನ್‌ಎಫ್, ಐಎಲ್ ಅನ್ನುವುದೆಲ್ಲ ಅವುಗಳ ಹೆಸರು. ಮೊದಲ ಕೂಗು ಟಿಎನ್‌ಎಫ್ ಮತ್ತು ಐಎಲ್-1. ಎಂಡೋಟಾಕ್ಸಿನ್ ಒಳಹೊಕ್ಕ ಸುಮಾರು ಒಂದೂವರೆ ಗಂಟೆಗೆ ರಕ್ತದಲ್ಲಿ ಟಿಎನ್‌ಎಫ್ ತುದಿ ಮುಟ್ಟುತ್ತದೆ, ಕೆಲವು ಗಂಟೆಗಳಲ್ಲಿ ಬಹುಪಾಲು ಇಳಿದೂ ಹೋಗುತ್ತದೆ. ಐಎಲ್-8 ಬಿಳಿ ರಕ್ತಕಣಗಳನ್ನು ಕರೆಸುತ್ತದೆ. ಐಎಲ್-6 ಲಿವರ್‌ಗೆ ಸುದ್ದಿ ಮುಟ್ಟಿಸುತ್ತದೆ, ಆಮೇಲಷ್ಟೇ ಲಿವರ್ ಸಿಆರ್‌ಪಿ ತಯಾರಿಸಲು ಕೂರುತ್ತದೆ. ಅಂದರೆ ಸಿಆರ್‌ಪಿ ಮರುದಿನದ ಪೇಪರ್ ಇದ್ದ ಹಾಗೆ. ಗಲಾಟೆ ನಿನ್ನೆಯೇ ಆಗಿರುತ್ತದೆ.

ಇದೇ ಹೊತ್ತಿಗೆ ರಕ್ತನಾಳಗಳು ಸಡಿಲವಾಗಿ ನೀರು ಹೊಟ್ಟೆಯೊಳಗೆ ಸೋರುತ್ತದೆ. ಬಿಪಿ ಇಳಿಯುವುದು, ಮೂತ್ರ ಕಡಿಮೆಯಾಗುವುದು ಬಹುಪಾಲು ಇದರಿಂದಲೇ. ಫೈಬ್ರಿನ್ ಎಂಬ ಅಂಟು ಬಂದು ಕೀವನ್ನು ಒಂದೆಡೆ ಕಟ್ಟಿಹಾಕಲು ನೋಡುತ್ತದೆ. ಓಮೆಂಟಮ್ ಎಂಬ ಕೊಬ್ಬಿನ ಪದರ ಬಂದು ಸೋರುವ ಜಾಗಕ್ಕೆ ಮೆತ್ತಿಕೊಳ್ಳುತ್ತದೆ. ರದರ್‌ಫರ್ಡ್ ಮಾರಿಸನ್ ಎಂಬ ಹಳೆಯ ಸರ್ಜನ್ ಇದನ್ನು ಹೊಟ್ಟೆಯ ಪೊಲೀಸ್ ಅಂದಿದ್ದರು. ಒಡೆದ ಅಪೆಂಡಿಕ್ಸನ್ನು ಓಮೆಂಟಮ್ ಮಗುವಿಗೆ ಹೊದಿಸಿದ ಹಾಗೆ ಸುತ್ತಿಕೊಂಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಆದರೂ ಪ್ರತಿ ಸಲ ಒಂದು ಕ್ಷಣ ಕೈ ನಿಲ್ಲುತ್ತದೆ. ಅದೇ ಫೈಬ್ರಿನ್ ಅಂಟಿನೊಳಗೆ ಬ್ಯಾಕ್ಟೀರಿಯಾ ಬಚ್ಚಿಟ್ಟುಕೊಳ್ಳುವುದೂ ಉಂಟು. ಕರುಳುಗಳು ಒಂದಕ್ಕೊಂದು ಅಂಟಿಕೊಂಡು ವರ್ಷಗಳ ಮೇಲೆ ತೊಂದರೆ ಕೊಡುವುದೂ ಉಂಟು.

ಈಗ ಗಡಿಯಾರಕ್ಕೆ ಬನ್ನಿ. ಸಿಆರ್‌ಪಿ ಏರಲು 6ರಿಂದ 8 ಗಂಟೆ ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ. ತಯಾರಿ ನಿಂತರೆ 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಸೋಂಕು ನೋಡಲು ಮಾಡಿಸುವ ಇನ್ನೊಂದು ರಕ್ತದ ಟೆಸ್ಟ್ ಪ್ರೊಕ್ಯಾಲ್ಸಿಟೋನಿನ್. ಅದು ಇನ್ನೂ ಸ್ವಲ್ಪ ಬೇಗ ಏರಿ ಒಂದು ದಿನದೊಳಗೆ ತುದಿಗೆ ಹೋಗುತ್ತದೆ. ಅದು ಅರ್ಧವಾಗಲು ಸುಮಾರು ಒಂದು ದಿನ.

ನಂಬರಿನ ಪಕ್ಕದ ಅಳತೆಯನ್ನೂ ಓದಿ. ಒಬ್ಬರು ನಡುಗುತ್ತಾ ಬಂದು, "ನಿನ್ನೆ 15 ಇತ್ತು, ಇವತ್ತು 120 ಆಗಿದೆ" ಅಂದರು. ನಿನ್ನೆಯ ಲ್ಯಾಬ್ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಿತ್ತು, ಇವತ್ತಿನದು ಲೀಟರಿಗೆ. ನಿನ್ನೆಯ 15 ಅಂದರೆ 150. ಇಳಿದಿತ್ತು! ಇಲ್ಲಿ ನಾನು ಹೇಳುವ ಉಳಿದ ಸಿಆರ್‌ಪಿ ನಂಬರೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದವು.

ಆಪರೇಷನ್ ಆದ ಮೇಲೆ ಎಲ್ಲರಿಗೂ ಸಿಆರ್‌ಪಿ ಏರುತ್ತದೆ. ಕತ್ತಿ ಹಾಕಿದ್ದೇ ಒಂದು ಗಾಯ, ಅಲ್ವಾ? ಎರಡನೇ ಅಥವಾ ಮೂರನೇ ದಿನ ತುದಿ ಮುಟ್ಟಿ ಆಮೇಲೆ ಇಳಿಯಬೇಕು. ಒಂದು ರಿಪೋರ್ಟ್ ನೋಡಿ ತೀರ್ಮಾನ ಬೇಡ, ಮೂರು ದಿನದ್ದನ್ನು ಸಾಲಾಗಿ ಬರೆಯಿರಿ. ಕರುಳು ಜೋಡಿಸಿದವರಲ್ಲಿ ನಾಲ್ಕನೇ ದಿನವೂ 150ರ ಮೇಲೇ ನಿಂತಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಜೋಡಣೆ ಸೋರುತ್ತಿದೆಯಾ ಅಂತ ನನಗೆ ಅನುಮಾನ ಬರುತ್ತದೆ, ಸಿಟಿ ಸ್ಕ್ಯಾನ್ ಬರೆಯುತ್ತೇನೆ. ನನ್ನ ಕೇಳಿದರೆ, ಈ ಟೆಸ್ಟ್ ಹೆದರಿಸುವುದಕ್ಕಿಂತ ಧೈರ್ಯ ಕೊಡುವುದರಲ್ಲಿ ಜಾಸ್ತಿ ನಂಬಿಕಸ್ತ. ಚೆನ್ನಾಗಿ ಇಳಿಯುತ್ತಿದ್ದರೆ ಸೋರಿಕೆ ಇರುವ ಸಂಭವ ಕಡಿಮೆ. ಏರಿದ್ದರೆ ಕಾರಣ ಎದೆಯ ಕಫವೂ ಇರಬಹುದು, ಹೊಲಿಗೆಯ ಕೀವೂ ಇರಬಹುದು.

ಪ್ಯಾಂಕ್ರಿಯಾಟೈಟಿಸ್‌ನಲ್ಲಿ, ಅಂದರೆ ಮೇದೋಜೀರಕ ಗ್ರಂಥಿ ಊದಿಕೊಂಡಾಗ, 48 ಗಂಟೆಗೆ ಸಿಆರ್‌ಪಿ 150 ದಾಟಿದರೆ ಕಾಯಿಲೆ ಜೋರಾಗಿದೆ ಅಂತ ಲೆಕ್ಕ. ಈ ಕಾಯಿಲೆ ಪತ್ತೆಹಚ್ಚಲು ರಕ್ತದಲ್ಲಿ ನೋಡುವ ಲಿಪೇಸ್, ಅಮೈಲೇಸ್ ಸಾವಿರಗಟ್ಟಲೆ ಇದ್ದರೂ ಜೋರು ಎಷ್ಟು ಅಂತ ಅವು ಹೇಳುವುದಿಲ್ಲ.

ಅಪಘಾತದವರ ಮನೆಯವರು ಒಂದು ವಿಷಯ ತಿಳಿದಿರಬೇಕು. ಕ್ರಿಮಿ ಒಂದೂ ಇಲ್ಲದೆ ಈ ಗಲಾಟೆಯೆಲ್ಲ ಆಗಬಹುದು. ಜಜ್ಜಿಹೋದ ಜೀವಕೋಶಗಳಿಂದ ಅವುಗಳಿಗೆ ಶಕ್ತಿ ತಯಾರಿಸಿಕೊಡುವ ಮೈಟೋಕಾಂಡ್ರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ. ಮೈಟೋಕಾಂಡ್ರಿಯಾ ಒಂದು ಕಾಲದಲ್ಲಿ ಬ್ಯಾಕ್ಟೀರಿಯಾ ಆಗಿದ್ದವು. ಅವುಗಳ ಡಿಎನ್‌ಎಯನ್ನು ಕಂಡು ದೇಹ ಕ್ರಿಮಿ ಬಂತು ಅಂದುಕೊಳ್ಳುತ್ತದೆ. 2010ರಲ್ಲಿ ಇದು ಸ್ಪಷ್ಟವಾಯಿತು. ಆದ್ದರಿಂದ ಪೆಟ್ಟು ಬಿದ್ದ ಎರಡನೇ ದಿನದ ಜ್ವರಕ್ಕೂ ಸಿಆರ್‌ಪಿಗೂ ಆಂಟಿಬಯಾಟಿಕ್ ಯಾಕೆ ಬದಲಿಸಲಿಲ್ಲ ಅಂತ ಜಗಳ ಬೇಡ. ಪ್ರೊಕ್ಯಾಲ್ಸಿಟೋನಿನ್ ಕೂಡ ದೊಡ್ಡ ಪೆಟ್ಟಿನ ನಂತರ ಏರುತ್ತದೆ.

ನಂಬರ್ ಮೋಸ ಮಾಡುವ ಕಡೆಗಳೂ ಇವೆ. ಲಿವರ್ ಕೆಟ್ಟವರಲ್ಲಿ ಸಿಆರ್‌ಪಿ ಸಾಕಷ್ಟು ತಯಾರಾಗುವುದೇ ಇಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ತಗ್ಗಿರುತ್ತದೆ. ಕೀಲುವಾತಕ್ಕೆ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಪಡೆಯುವವರಲ್ಲಿ ಐಎಲ್-6ನ ಬಾಯಿಯೇ ಕಟ್ಟಿರುತ್ತದೆ. ಕರುಳು ಒಡೆದರೂ ಸಿಆರ್‌ಪಿ ನಾರ್ಮಲ್ ಬರಬಹುದು. ಈ ಔಷಧಿಯ ವಿಷಯ ಮೊದಲೇ ಹೇಳಿಬಿಡಿ, ನಾವು ಕೇಳುವುದನ್ನು ಮರೆಯುತ್ತೇವೆ. ಬಿಳಿ ರಕ್ತಕಣ 18,000 ಇದ್ದರೆ ಎಲ್ಲರೂ ಹೆದರುತ್ತಾರೆ. ನನಗೆ 2,000 ಇದ್ದರೆ ಜಾಸ್ತಿ ಭಯ, ಕಾದಾಡುವ ಕಣಗಳೇ ಮುಗಿಯುತ್ತಾ ಬಂದಿರಬಹುದು.

"ಇಷ್ಟೆಲ್ಲ ಕೂಗು ಟಿಎನ್‌ಎಫ್‌ನಿಂದ ಅಂದಮೇಲೆ ಅದನ್ನೇ ತಡೆಯಬಹುದಲ್ಲ?" ಅಂತ ಒಬ್ಬ ಇಂಜಿನಿಯರ್ ಕೇಳಿದರು. ಒಳ್ಳೆಯ ಪ್ರಶ್ನೆ. 1985ರಲ್ಲಿ ಎಂಡೋಟಾಕ್ಸಿನ್ ಕೊಟ್ಟ ಇಲಿಗಳು ಹಾಗೆ ಬದುಕಿದವು. 1990ರ ದಶಕದಲ್ಲಿ ಮನುಷ್ಯರ ಮೇಲೆ ನೋಡಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ಪೇಷಂಟ್ ನಮ್ಮ ಹತ್ತಿರ ಬರುವಷ್ಟರಲ್ಲಿ ಮೊದಲ ಕೂಗು ಮುಗಿದಿರುತ್ತದೆ. ಅಷ್ಟೇ ಅಲ್ಲ, ಕ್ರಿಮಿಯನ್ನು ಕೊಲ್ಲಲೂ ಆ ಕೂಗು ಬೇಕು. ಹಾಗಾಗಿ ಇವತ್ತಿಗೂ ನಾವು ಮಾಡುವುದು ತೂತು ಮುಚ್ಚುವುದು, ಕೀವು ತೆಗೆಯುವುದು. ಅದು ಸರಿಯಾಗಿ ಆದಮೇಲೆ ಸುಮಾರು 4 ದಿನ ಆಂಟಿಬಯಾಟಿಕ್ ಸಾಕು ಅಂತ 2015ರ ಒಂದು ದೊಡ್ಡ ಪ್ರಯೋಗ ತೋರಿಸಿತು. ಜ್ವರ, ಬಿಳಿ ರಕ್ತಕಣ ಎಲ್ಲ ಇಳಿಯಲಿ ಅಂತ ಕಾದು 8 ದಿನ ಕೊಟ್ಟವರಿಗೆ ಹೆಚ್ಚಿನ ಲಾಭ ಏನೂ ಆಗಲಿಲ್ಲ. ಸಿಆರ್‌ಪಿ ಇನ್ನೂ 60 ಇರುವಾಗಲೇ ಡಾಕ್ಟರ್ ಆಂಟಿಬಯಾಟಿಕ್ ನಿಲ್ಲಿಸಿದರೆ ಗಾಬರಿ ಬೇಡ. "ಸೋರಿಕೆ ಪೂರ್ತಿ ನಿಂತಿದೆಯಾ?" ಅಂತ ಕೇಳಿ.

ಎರಡನೇ ಮೂರನೇ ವಾರದಲ್ಲಿ ಇನ್ನೊಂದು ಕಥೆ ನಡೆಯಬಹುದು. ಕೂಗಿ ಕೂಗಿ ಕಾವಲು ಕಣಗಳು ಸುಸ್ತಾಗುತ್ತವೆ, ಐಎಲ್-10 ಅವನ್ನು ಸುಮ್ಮನಾಗಿಸುತ್ತದೆ. ಆಗ ಹೊಸ ಸೋಂಕು ಸದ್ದಿಲ್ಲದೆ ಒಳಗೆ ಬರುತ್ತದೆ. ಕೈ ತೊಳೆದು ಒಳಗೆ ಬನ್ನಿ ಅಂತ ನರ್ಸ್ ಗದರುವುದು ಅದಕ್ಕೇ.

ಪೆನ್ಸಿಲ್ ಗೆರೆಯ ಪಕ್ಕ ಇನ್ನೊಂದು ಸಾಲು ಹಾಕಿ. ನಾಡಿ ಎಷ್ಟು, ಮೂತ್ರ ಎಷ್ಟು, ಗ್ಯಾಸ್ ಹೋಯಿತಾ, ಎದ್ದು ಕೂತರಾ. ಸಿಆರ್‌ಪಿ ಇಳಿಯುತ್ತಿದ್ದರೂ ಈ ಸಾಲು ಕೆಡುತ್ತಿದ್ದರೆ ನನಗೆ ತೋರಿಸಿ. ಉಸಿರು ನಿಮಿಷಕ್ಕೆ 22 ದಾಟಿದರೆ, ಮಾತು ತಡವರಿಸಿದರೆ, ಮೇಲಿನ ಬಿಪಿ 100ಕ್ಕೆ ಇಳಿದರೆ, ಬೆಳಗಿನ ರಿಪೋರ್ಟ್‌ಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ನರ್ಸನ್ನು ಎಬ್ಬಿಸಿ ನನಗೆ ಫೋನ್ ಮಾಡಿಸಿ.