ಶಾಲೆಯ ಯೋಜನೆ ಹಾಜರಿ ಪುಸ್ತಕದಿಂದ ಆರಂಭವಾಗಲಿ

ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಆ ಕುರ್ಚಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು, ಶಾಲೆಯ ಸ್ವಯಂ ಮೌಲ್ಯಮಾಪನದ ನಮೂನೆಯನ್ನು ತುಂಬುವುದು ಹೇಗೆ ಎಂದು. ನಮೂನೆ ಕಾಯಲಿ. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಹಿಂದಿನ ವರ್ಷದ ಹಾಜರಿ ಪುಸ್ತಕ ಹಿಡಿದು ಕುಳಿತುಕೊಳ್ಳಿ.

ನಾನು ಹಾಗೆ ಕುಳಿತ ವರ್ಷ ಕಂಡದ್ದು ಇದು: ಎಂಟನೆಯ ತರಗತಿಯ ಹನ್ನೊಂದು ಮಕ್ಕಳು ದೀಪಾವಳಿ ರಜೆಯ ನಂತರ ವಾರಗಟ್ಟಲೆ ಬಂದಿರಲಿಲ್ಲ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಹಬ್ಬಕ್ಕೆ ಊರಿಗೆ ಹೋದರೆ ತೊಗರಿಯ ಕೊಯ್ಲು ಮುಗಿಸಿಯೇ ಮರಳುತ್ತಿದ್ದರು. ಗಣಿತದಲ್ಲಿ ಹಿಂದುಳಿದವರ ಪಟ್ಟಿ ತೆಗೆದರೆ ಅಲ್ಲಿಯೂ ಬಹುಪಾಲು ಅವರದೇ ಹೆಸರು. ಅಲ್ಲಿಯವರೆಗೆ ನಮ್ಮ ಶಾಲೆಯ ವಾರ್ಷಿಕ ಸುಧಾರಣಾ ಯೋಜನೆಯಲ್ಲಿ ‘ಗಣಿತಕ್ಕೆ ಹೆಚ್ಚುವರಿ ತರಗತಿ’ ಎಂದಷ್ಟೇ ಇತ್ತು. ಅದನ್ನು ಹೊಡೆದುಹಾಕಿ, ಮರಳಿ ಬಂದ ಪ್ರತಿ ಮಗುವಿಗೂ ತಪ್ಪಿಹೋದ ಪಾಠಗಳಿಗಾಗಿ ಮೂರು ವಾರ, ದಿನಕ್ಕೆ ಒಂದು ಗಂಟೆ ಎಂದು ಬರೆದೆವು. ಹೊಣೆ ಹೊತ್ತ ಶಿಕ್ಷಕಿಯ ಹೆಸರು, ಆರಂಭದ ದಿನ, ಪರೀಕ್ಷಿಸುವ ದಿನ, ಮೂರನ್ನೂ ಅದೇ ಸಾಲಿನಲ್ಲಿ ಬರೆದೆವು. ವರ್ಷಕ್ಕೆ ಇಂಥ ಮೂರು ಗುರಿಗಳು ಸಾಕು.

ಆಮೇಲೆ ಮಾನದಂಡಗಳಿಗೆ ಬನ್ನಿ. ಶಾಲೆಗಳು ತಮ್ಮನ್ನು ತಾವೇ ಅಳೆದುಕೊಳ್ಳಲೆಂದು 2015ರಲ್ಲಿ ಬಂದ ರಾಷ್ಟ್ರೀಯ ಕಾರ್ಯಕ್ರಮ ‘ಶಾಲಾ ಸಿದ್ಧಿ’ಯಲ್ಲಿ 7 ಕ್ಷೇತ್ರ, 46 ಮಾನದಂಡ, ಪ್ರತಿಯೊಂದಕ್ಕೂ 3 ಹಂತ; 3 ಎಂದರೆ ಎಲ್ಲಕ್ಕಿಂತ ಮೇಲಿನದು. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು: ಸಂಪನ್ಮೂಲಗಳನ್ನು ಎರಡು ಸಲ ಅಳೆಯಬೇಕು. ಇದೆಯೇ, ಸಾಕಷ್ಟಿದೆಯೇ ಎಂದು ಒಮ್ಮೆ. ಚೆನ್ನಾಗಿದೆಯೇ, ಬಳಕೆಗೆ ಬರುತ್ತದೆಯೇ ಎಂದು ಇನ್ನೊಮ್ಮೆ. ನಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಗಳಿದ್ದವು. ಕಪಾಟಿನ ಬೀಗದ ಕೈ ಮಾತ್ರ ಕಚೇರಿಯಲ್ಲಿತ್ತು. ಮೊದಲನೆಯದಕ್ಕೆ 3 ಕೊಟ್ಟೆವು, ಎರಡನೆಯದಕ್ಕೆ 1. ಸಹೋದ್ಯೋಗಿಗಳು ಹಿಂಜರಿದರು, ನಾನು ಒಪ್ಪಲಿಲ್ಲ. ಮರುದಿನದಿಂದ ಬೀಗದ ಕೈ ವಿಜ್ಞಾನ ಶಿಕ್ಷಕರ ಬಳಿಯೇ ಉಳಿಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ರಾಜ್ಯದಲ್ಲಿ ಶಾಲಾ ಮಾನದಂಡ ಪ್ರಾಧಿಕಾರವನ್ನು ಸೂಚಿಸಿದೆ. ಮಹಾರಾಷ್ಟ್ರದಲ್ಲಿ ಪುಣೆಯ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ (ಎಸ್‌ಸಿಇಆರ್‌ಟಿ) ಮೂಲಕ ಬಂದಿರುವ ಚೌಕಟ್ಟಿನಲ್ಲಿಯೂ ಶಾಲೆಯೇ ತನ್ನ ಹಂತವನ್ನು ಹೇಳಿ ಪುರಾವೆ ಕೊಡಬೇಕು. ಆ ಪುರಾವೆಯನ್ನು ಕೊನೆಯ ವಾರದಲ್ಲಿ ಹುಟ್ಟಿಸಬೇಡಿ, ಹಳೆಯ ತಾರೀಕು ಹಾಕಿ ವರದಿ ಬರೆಯಿಸಬೇಡಿ. ಮಕ್ಕಳು ಅದನ್ನು ನೋಡುತ್ತಿರುತ್ತಾರೆ. ಪ್ರತಿ ಶನಿವಾರ ತರಗತಿಗೊಂದರಂತೆ ನೋಟ್‌ಬುಕ್‌ನ ಪುಟವೊಂದರ ಚಿತ್ರ, ಸಭೆಯ ನಡಾವಳಿ, ಸಹಿ: ಇಷ್ಟನ್ನು ಕಡತಕ್ಕೆ ಸೇರಿಸುತ್ತಾ ಹೋಗಿ.

ಪಾಲಕರ ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಕರೆಯಿರಿ. ಹೋಟೆಲುಗಳಲ್ಲಿ ದುಡಿಯುವ ಪಾಲಕರಿಗೆ ಆಗ ಊಟದ ಹೊತ್ತು ಮುಗಿದು ಸಂಜೆಯ ತಿಂಡಿಯ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಬೆಳಗಿನ ಸಭೆಗೆ ಆರು ಜನ ಬರುತ್ತಿದ್ದಲ್ಲಿ ಮೂರರ ಸಭೆಗೆ ಬೆಂಚು ಸಾಲದಾಯಿತು. ಊರಿಗೆ ಹೋಗುವ ಮೊದಲು ಮಗುವಿನ ಪುಸ್ತಕಗಳನ್ನೂ ಕಟ್ಟಿಕೊಂಡು ಹೋಗುತ್ತೇವೆ ಎಂಬ ಮಾತು ಯೋಜನೆಗೆ ಬಂದದ್ದು ಅಲ್ಲಿಂದಲೇ, ಒಬ್ಬ ತಾಯಿಯ ಬಾಯಿಯಿಂದ.