ಮಾತ್ರೆ ಕರುಳು ದಾಟುತ್ತಾ? ಚಿಪ್ಪಲ್ಲಿ ನೋಡೋದು ಹೀಗೆ

ನುಂಗಿದ ಮಾತ್ರೆ ಕರಗಿದ್ರೆ ಸಾಲಲ್ಲ, ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರ್ಬೇಕು. ಇದನ್ನ ಪರೀಕ್ಷೆ ಮಾಡೋಕೆ ಲ್ಯಾಬುಗಳಲ್ಲಿ ಕ್ಯಾಕೋ-2 ಅನ್ನೋ ಸೆಲ್‌ಗಳನ್ನ ತೂತಿರೋ ಪ್ಲಾಸ್ಟಿಕ್ ಪರದೆ ಮೇಲೆ ಬೆಳೆಸ್ತಾರೆ. ಇವು ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರಿಂದ ಬಂದ ಸೆಲ್‌ಗಳೇ ಆದ್ರೂ ಹಾಗೇ ಬಿಟ್ರೆ ಸಣ್ಣ ಕರುಳಿನ ಸೆಲ್ ತರ ನಡ್ಕೊಳ್ತವೆ, ಅದಕ್ಕೆ ಸುಮಾರು 21 ದಿನ ಬೇಕು. 2012ರಲ್ಲಿ ಹಾರ್ವರ್ಡ್‌ನ ವೀಸ್ ಇನ್‌ಸ್ಟಿಟ್ಯೂಟ್‌ನವರು ಇದೇ ಸೆಲ್‌ಗಳನ್ನ ಪುಟ್ಟ ಚಿಪ್ (ಕಂಪ್ಯೂಟರಿಂದಲ್ಲ, ಒಳಗೆ ಸಣ್ಣ ಕಾಲುವೆ ಇರೋ ಸಿಲಿಕೋನ್ ತುಂಡು) ಒಳಗೆ ಹಾಕಿ, ಗಂಟೆಗೆ 30 ಮೈಕ್ರೋಲೀಟರ್ ದ್ರವ ಹರಿಸಿ, ಕರುಳು ಆಡೋ ತರ ಎಳೆದು ಬಿಟ್ಟು ಮಾಡಿದ್ರು, ಸೆಲ್‌ಗಳು ಕೆಲವೇ ದಿನದಲ್ಲಿ ಮಡಿಕೆ ಮಡಿಕೆಯಾಗಿ ಎದ್ದು ನಿಂತ್ವು. ನಮ್ಮ ದೇಶದಲ್ಲೂ 2023ರಲ್ಲಿ ಔಷಧ ಪರೀಕ್ಷೆ ನಿಯಮ ತಿದ್ದುಪಡಿ ಮಾಡಿ, ಪ್ರಾಣಿಗಳ ಬದ್ಲು ಇಂಥ ಚಿಪ್‌ಗಳ ಫಲಿತಾಂಶಕ್ಕೂ ಜಾಗ ಕೊಟ್ಟಿದ್ದಾರೆ.

ಹಾಸನ, ಚಿಕ್ಕಮಗಳೂರು ಕಡೆ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡೋ ಹುಡುಗ್ರಿಗೆ ಚಿಪ್ ಮಾಡೋದೇ ದೊಡ್ಡ ಸಾಹಸ ಅನ್ಸುತ್ತೆ. ನನ್ನ ಕೇಳಿದ್ರೆ ಅದು ಸುಲಭದ ಭಾಗ, ಔಷಧಿ ಎಷ್ಟು ಬೇಗ ದಾಟುತ್ತೆ ಅಂತ ಕೊನೇಲಿ ಬರೋ ನಂಬರ್ ನಂಬೋ ಹಾಗಿರ್ಬೇಕಲ್ಲ, ಕಷ್ಟ ಇರೋದು ಅಲ್ಲಿ.

ಮೊದ್ಲು ಅಚ್ಚು. ಕ್ಲೀನ್‌ರೂಮ್ (ಧೂಳಿಲ್ಲದ ಲ್ಯಾಬು) ಬೇಕಂದ್ರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಹೊರಗಿನ ಕಾಲೇಜಿನವ್ರಿಗೂ ಸೌಲಭ್ಯ ಕೊಡೋ ಯೋಜನೆ ಇದೆ, ಇಲ್ಲಾಂದ್ರೆ ಅಕ್ರಿಲಿಕ್ ಶೀಟ್‌ನ ಸಿಎನ್‌ಸಿ ಅನ್ನೋ ಕಂಪ್ಯೂಟರ್ ಕೊರೆಯೋ ಮೆಷಿನ್ನಲ್ಲಿ ಕೊರೆಸಿದ್ರೂ ನಡೆಯುತ್ತೆ. ತ್ರೀಡಿ ಪ್ರಿಂಟರಿನ ರೆಸಿನ್ ಅಚ್ಚಾದ್ರೆ ಚೆನ್ನಾಗಿ ತೊಳೆದು, ಯುವಿ ಕೊಟ್ಟು, ಬಿಸಿ ಮಾಡಿ ಒಣಗಿಸಿ, ಇಲ್ದಿದ್ರೆ ಮೇಲೆ ಸುರಿದ ಸಿಲಿಕೋನ್ ಗಟ್ಟಿಯಾಗ್ದೆ ಅಂಟಂಟಾಗಿ ಉಳಿಯುತ್ತೆ. ಕಾಲುವೆ 1 ಮಿಮೀ ಅಗಲ, 0.15 ಮಿಮೀ ಎತ್ತರ, 10 ಮಿಮೀ ಉದ್ದ ಅಂತ ಇಟ್ಕೊಳ್ಳಿ, ಮುಂದಿನ ಲೆಕ್ಕ ಎಲ್ಲಾ ಇದ್ರ ಮೇಲೇನೇ.

ಪಿಡಿಎಂಎಸ್ ಅಂತಾರಲ್ಲ ಆ ಸಿಲಿಕೋನ್, 10 ಭಾಗಕ್ಕೆ 1 ಭಾಗ ಗಟ್ಟಿ ಮಾಡೋ ದ್ರವ ಬೆರೆಸಿ, ವ್ಯಾಕ್ಯೂಮಲ್ಲಿಟ್ಟು ಗುಳ್ಳೆ ತೆಗೆದು, ಅಚ್ಚಿಗೆ ಸುರಿದು 70 ಡಿಗ್ರೀಲಿ ಒಂದೆರಡು ಗಂಟೆ ಓವನ್ನಲ್ಲಿಡಿ. ಇಂಥ ತುಂಡು ಎರಡು ಬೇಕು, ಮೇಲೊಂದು ಕೆಳಗೊಂದು, ಮಧ್ಯದಲ್ಲಿ ಸೆಲ್ ಕೂರೋಕೆ 0.4 ಮೈಕ್ರಾನ್ ತೂತಿನ ಪಿಇಟಿ ಪ್ಲಾಸ್ಟಿಕ್ ಮೆಂಬ್ರೇನ್ (ಪರದೆ). ಪಿಇಟಿ ಸುಮ್ನೆ ಇಟ್ರೆ ಹಿಡಿಯಲ್ಲ, ಹಸಿ ಪಿಡಿಎಂಎಸ್‌ನೇ ತೆಳ್ಳಗೆ ಅಂಚಿಗೆ ಸವರಿ ಮತ್ತೆ ಬೇಯಿಸ್ಬೇಕು. ಟ್ಯೂಬ್ ಮಾತ್ರ ಟೆಫ್ಲಾನಿಂದೇ ತಗೊಳ್ಳಿ, ಕಾರಣ ಕೊನೇಲಿ ಹೇಳ್ತೀನಿ.

ಸೆಲ್‌ಗಳು ಪುಣೆಯ ಎನ್‌ಸಿಸಿಎಸ್ ಅನ್ನೋ ರಾಷ್ಟ್ರೀಯ ಸೆಲ್ ವಿಜ್ಞಾನ ಕೇಂದ್ರದಲ್ಲಿ ಸಿಗ್ತವೆ. ಮಲೆನಾಡಿನ ಮಳೆಗಾಲದಲ್ಲಿ ಎರಡು ತಲೆನೋವು, ಒಂದು ಕರೆಂಟು, ಇನ್ನೊಂದು ಬೂಷ್ಟು. ಸೆಲ್‌ಗಳನ್ನ ಬೆಚ್ಚಗಿಡೋ ಇನ್‌ಕ್ಯುಬೇಟರಿಗೆ ಯುಪಿಎಸ್ ಇಲ್ದೇ ಜೂನ್ ಜುಲೈನಲ್ಲಿ ಈ ಕೆಲ್ಸಕ್ಕೆ ಕೈ ಹಾಕ್ಲೇಬೇಡಿ, ಒಳಗಿರೋ ನೀರಿನ ತಟ್ಟೇನ ವಾರ ವಾರ ಬದಲಾಯಿಸಿ.

ಚಿಪ್‌ನ 70% ಎಥನಾಲಲ್ಲಿ ತೊಳೆದು, ಮೆಂಬ್ರೇನಿಗೆ ಸೆಲ್ ಹಿಡ್ಕೊಳ್ಳೋಕೆ ಕೊಲಾಜೆನ್ ಅನ್ನೋ ಪ್ರೋಟೀನ್ ಬಳಿದು, ಆಮೇಲೆ ಸೆಲ್ ಬಿಡಿ. ನಮ್ಮ ಕಾಲುವೇಲಿ ಹಿಡಿಯೋದೇ 1.5 ಮೈಕ್ರೋಲೀಟರ್, ಅದ್ಕೆ ಮಾಮೂಲಿ ಸಾಂದ್ರತೆ ಸಾಲಲ್ಲ, ಮಿಲಿಲೀಟರಿಗೆ 1 ಕೋಟಿ ಸೆಲ್ ಇದ್ರೆ ಚದರ ಸೆಂಟಿಮೀಟರಿಗೆ ಒಂದೂವರೆ ಲಕ್ಷ ಬೀಳುತ್ತೆ. ಒಂದೆರಡು ಗಂಟೆ ಪಂಪ್ ಹಾಕ್ದೆ ಬಿಡಿ, ಕೂತ್ಕೊಳ್ಲಿ, ಆಮೇಲೆ ಗಂಟೆಗೆ 30 ಮೈಕ್ರೋಲೀಟರ್ ಶುರು ಮಾಡಿ. ಫ್ರಿಜ್ಜಿಂದ ತೆಗೆದ ಮೀಡಿಯಾ (ಸೆಲ್‌ಗಳ ಆಹಾರದ ದ್ರವ) ನೇರವಾಗಿ ಸಿರಿಂಜಿಗೆ ತುಂಬ್ಬೇಡಿ. ಬಿಸಿಯಾದಾಗ ಅದ್ರಲ್ಲಿರೋ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತೆ, ಒಂದು ಗುಳ್ಳೆ ಕಾಲುವೇಲಿ ಹಾದ್ರೆ ಸಾಕು ಸೆಲ್ ಪದರಾನೇ ಕಿತ್ಕೊಂಡು ಹೋಗುತ್ತೆ, ಮೊದ್ಲೇ 37 ಡಿಗ್ರೀಲಿ ಇಟ್ಟು ಗಾಳಿ ಬಿಡಿಸಿ.

ಕೆಲವು ದಿನ ಹೀಗೆ ಬೆಳೆದ್ಮೇಲೆ ಸೆಲ್‌ಗಳ ಗೋಡೆ ಸೋರ್ತಿದ್ಯಾ ನೋಡ್ಬೇಕು. ಹೆಂಚಿನ ಮನೇಲಿ ಹೆಂಚೆಲ್ಲಾ ಗಟ್ಟಿ ಇದ್ರೂ ಸಂದಿಂದ ಸೋರುತ್ತಲ್ಲ, ಇಲ್ಲೂ ಅಷ್ಟೆ, ಮೈಕ್ರೋಸ್ಕೋಪಲ್ಲಿ ಸೆಲ್ ತುಂಬಿದ ಹಾಗೆ ಕಂಡ್ರೂ ಸಂದು ಬಿಗಿಯಾಗಿರ್ಬೇಕು ಅಂತೇನಿಲ್ಲ. ಅದ್ಕೆ ಮೇಲೊಂದು ಕೆಳಗೊಂದು ಎಲೆಕ್ಟ್ರೋಡ್ ಇಟ್ಟು ವಿದ್ಯುತ್ ರೋಧ ಅಳೀತಾರೆ, ಟೀರ್ ಅಂತ ಹೆಸ್ರು. ಖಾಲಿ ಚಿಪ್ಪಿನ ರೀಡಿಂಗ್ ಕಳೆದು 3000 ಓಮ್ ಉಳೀತು ಅನ್ಕೊಳ್ಳಿ, ನಮ್ಮ ಮೆಂಬ್ರೇನ್ 0.1 ಚದರ ಸೆಂಟಿಮೀಟರ್, ಗುಣಿಸಿದ್ರೆ 300 ಓಮ್-ಚದರ ಸೆಂಟಿಮೀಟರ್. ಇದು ಪರವಾಗಿಲ್ಲ ಅನ್ನೋ ಮಟ್ಟ. ಇನ್‌ಕ್ಯುಬೇಟರಿಂದ ತೆಗೆದ ಚಿಪ್ ಟೇಬಲ್ ಮೇಲೆ ತಣ್ಣಗಾಗ್ತಾ ಇದ್ರೆ ರೀಡಿಂಗ್ ತಾನಾಗೇ ಏರುತ್ತೆ, ಗೋಡೆ ಬಿಗಿಯಾಯ್ತು ಅಂತ ಖುಷಿಪಡ್ಬೇಡಿ, ಯಾವಾಗ್ಲೂ ಒಂದೇ ಬಿಸೀಲಿ ಅಳೀರಿ. ಜೊತೆಗೆ ಲೂಸಿಫರ್ ಯೆಲ್ಲೋ ಬಣ್ಣ ಮೇಲೆ ಹರಿಸಿ, ಅದು ಸಂದಿಂದ ಮಾತ್ರ ದಾಟೋದು, ಕೆಳಗಿನ ದ್ರವ ಹಳದಿ ಹೊಳೆದ್ರೆ ಆ ಚಿಪ್ ಪಕ್ಕಕ್ಕಿಡಿ.

ಮೊದಲ ಪರೀಕ್ಷೆಗೆ ಕೆಫೀನ್ ತಗೊಳ್ಳಿ ಅಂತೀನಿ, ಕಾಫಿ ಸೀಮೆಯವ್ರು ಅನ್ನೋ ಅಭಿಮಾನಕ್ಕೆ ಹೇಳ್ತಿಲ್ಲ, ಸುಲಭವಾಗಿ ದಾಟೋ ಮಾದರಿ ವಸ್ತು ಅಂತ ಅಂತರರಾಷ್ಟ್ರೀಯ ಮಾರ್ಗಸೂಚೀಲೇ ಅದ್ರ ಹೆಸ್ರಿದೆ, ಕಷ್ಟದಲ್ಲಿ ದಾಟೋದಕ್ಕೆ ಬಿಪಿ ಮಾತ್ರೆ ಅಟೆನೊಲಾಲ್ ಇದೆ. ಎರಡರ ನಡುವೆ ದೊಡ್ಡ ಅಂತರ ಕಾಣ್ದಿದ್ರೆ ಹೊಸ ಔಷಧಿ ಮುಟ್ಟೋದೇ ಬೇಡ. ಫಿಲ್ಟರ್ ಡಿಕಾಕ್ಷನ್ನೇ ಹಾಕ್ಬಹುದಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಬೇಡ್ರಪ್ಪ, ಅದ್ರಲ್ಲಿರೋ ಆಮ್ಲಗಳೂ ಕೆಫೀನ್ ತರಾನೇ ಯುವಿ ಬೆಳಕು ಹೀರ್ತವೆ, ಶುದ್ಧ ಕೆಫೀನ್ ತಂದು 100 ಮೈಕ್ರೋಮೋಲಾರ್ ದ್ರಾವಣ ಮಾಡಿ. ಅಳೆಯೋಕೆ ಫಾರ್ಮಸಿ ಕಾಲೇಜಿನ ಎಚ್‌ಪಿಎಲ್‌ಸಿ (ದ್ರವದಲ್ಲಿರೋ ವಸ್ತುಗಳನ್ನ ಬೇರ್ಪಡಿಸಿ ಅಳೆಯೋ ಯಂತ್ರ), 273 ನ್ಯಾನೋಮೀಟರ್ ಯುವಿ ಬೆಳಕಲ್ಲಿ.

ಲೆಕ್ಕ ಹೀಗೆ: ಸೆಕೆಂಡಿಗೆ ದಾಟಿದ ಪ್ರಮಾಣಾನ ಮೆಂಬ್ರೇನ್ ವಿಸ್ತೀರ್ಣದಿಂದಲೂ ಮೇಲಿನ ಸಾಂದ್ರತೆಯಿಂದಲೂ ಭಾಗಿಸಿ. ಉದಾಹರಣೆಗೆ ಉತ್ತರ ಸೆಕೆಂಡಿಗೆ ಸೆಂಟಿಮೀಟರಿನ ಹತ್ತು ಲಕ್ಷದಲ್ಲಿ 30 ಭಾಗ ಅಂತಿಟ್ಕೊಳ್ಳಿ, ಆಗ ಗಂಟೆಗೆ ಸುಮಾರು 1.1 ನ್ಯಾನೋಮೋಲ್ ದಾಟುತ್ತೆ. ಗಂಟೆಗೆ 30 ಮೈಕ್ರೋಲೀಟರಲ್ಲಿ ಮೇಲೆ ಒಳಗೆ ಹೋಗೋದೇ 3 ನ್ಯಾನೋಮೋಲ್, ಮೂರನೇ ಒಂದು ಭಾಗ ಖಾಲಿ, ಅಂದ್ರೆ ಮೇಲಿನ ಸಾಂದ್ರತೆ ಒಂದೇ ತರ ಇದೆ ಅನ್ನೋ ಲೆಕ್ಕಾನೇ ಸುಳ್ಳಾಯ್ತು! ಹಾಗಾಗಿ ಪರೀಕ್ಷೆ ಹೊತ್ತಲ್ಲಿ ಎರಡೂ ಕಾಲುವೇಲಿ ಹರಿವು ಗಂಟೆಗೆ 300 ಮೈಕ್ರೋಲೀಟರಿಗೆ ಏರಿಸಿ, ಆಗ 4%ಗಿಂತ ಕಡಿಮೆ ಖರ್ಚು. ಏರಿಸೋಕೆ ಇನ್ನೊಂದು ಕಾರಣಾನೂ ಇದೆ, ಅರ್ಧ ಮಿಮೀ ಒಳವ್ಯಾಸದ ಟ್ಯೂಬ್ 20 ಸೆಂಟಿಮೀಟರ್ ಇದ್ರೆ ಅದ್ರಲ್ಲೇ 39 ಮೈಕ್ರೋಲೀಟರ್ ಕೂತಿರುತ್ತೆ, ನಿಧಾನ ಹರಿವಲ್ಲಿ ಮೊದಲ ಒಂದು ಗಂಟೆ ನೀವು ಹಿಡಿಯೋದು ಬರೀ ಹಳೇ ನೀರು.

ಈಗ ಟೆಫ್ಲಾನ್ ಟ್ಯೂಬೇ ಯಾಕೆ ಅನ್ನೋ ವಿಷ್ಯ. ಪಿಡಿಎಂಎಸ್ಸಾಗ್ಲಿ ಸಿಲಿಕೋನ್ ಟ್ಯೂಬಾಗ್ಲಿ ಎಣ್ಣೆ ಗುಣದ ಔಷಧಿಗಳನ್ನ ಹೀರ್ಕೊಂಡು ಬಿಡುತ್ತೆ. ಕೆಫೀನಿಗೆ ಅಷ್ಟು ತೊಂದ್ರೆ ಇಲ್ಲ, ಪ್ರೊಪ್ರನೊಲಾಲ್ (ಇದೂ ಬಿಪಿ ಮಾತ್ರೆ) ತರದ್ದು ಚಿಪ್ಪಿನ ಗೋಡೇಲೇ ಸೇರ್ಕೊಂಡು ‘ಇದು ಕರುಳು ದಾಟಲ್ಲ’ ಅಂತ ತಪ್ಪು ಉತ್ತರ ಕೊಡ್ಬಹುದು. ಅದ್ಕೆ ಸೆಲ್ ಇಲ್ದಿರೋ ಚಿಪ್ಪಲ್ಲೂ ಅದೇ ಔಷಧಿ ಹರಿಸಿ, ಹಾಕಿದ್ದೆಷ್ಟು, ಮೇಲಿಂದ ಕೆಳಗಿಂದ ಸೇರಿ ವಾಪಸ್ ಬಂದಿದ್ದೆಷ್ಟು ಅಂತ ಕೂಡಿಸಿ. ಐದರಲ್ಲಿ ನಾಲ್ಕು ಪಾಲೂ ಸಿಗ್ಲಿಲ್ಲ ಅಂದ್ರೆ ಆ ನಂಬರ್ ಬರ್ಕೊಳ್ಳೋಕೆ ಮುಂಚೆ ಟ್ಯೂಬ್ ಬದಲಾಯಿಸಿ, ಆಗ್ಲೂ ಸಿಗ್ದಿದ್ರೆ ಚಿಪ್ಪನ್ನೇ ಬೇರೆ ಪ್ಲಾಸ್ಟಿಕ್ಕಲ್ಲಿ ಮಾಡಿಸಿ.