ಹಗಲಿಗೂ ಸೊಳ್ಳೆ ಪರದೆ

ಕಲಬುರಗಿಯ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಹಾಸಿಗೆ ಹಿಡಿದವರೇ ಇಲ್ಲಿ ಹೆಚ್ಚು. ಯಾರಿಗಾದರೂ ಗಾಯದಲ್ಲೋ ಬಾಯಲ್ಲೋ ನೊಣದ ಹುಳ ಬಿತ್ತೆಂದರೆ ಮನೆಯವರ ಮೊದಲ ಮಾತು, 'ನೀವು ಸ್ವಚ್ಛ ಇಟ್ಟಿಲ್ರಿ'. ಆ ಬೈಗುಳಕ್ಕೆ ಹೆದರಿ ಆಯಾಗಳು ಹೇಳುವುದನ್ನೇ ಮುಂದೂಡುತ್ತಾರೆ. ನೊಣ ಮಾತ್ರ ಕಾಯುವುದಿಲ್ಲ. ನಮ್ಮ ದೇಶದಲ್ಲಿ ಜೀವಂತ ಮಾಂಸವನ್ನೇ ತಿಂದು ಬೆಳೆಯುವ ಹುಳ ಹೆಚ್ಚಾಗಿ ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೊಣದ್ದು. ಗಾಯದ ಅಂಚಿಗೆ ಒಮ್ಮೆಗೇ 150–200 ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಅವು ಒಡೆದು ಹುಳ ಒಳಗೆ ಕೊರೆಯತೊಡಗುತ್ತವೆ.

ಕಾಲಿನ ಗಾಯ ಎಲ್ಲರಿಗೂ ಕಾಣುತ್ತದೆ, ಬಾಯಿ ಯಾರೂ ನೋಡುವುದಿಲ್ಲ. ಲಕ್ವಾ ಹೊಡೆದ ಒಬ್ಬ ಆಯಿ (ಅಜ್ಜಿ) ಸದಾ ಬಾಯಿ ತೆರೆದೇ ಉಸಿರಾಡುತ್ತಿದ್ದರು. 'ಸಿಸ್ಟರ್, ಆಯಿ ಗಂಜಿ ಒಲ್ಲೆ ಅಂತಾರ್ರಿ, ತುಟಿ ಬಾತದ' ಎಂದಳು ಆಯಾ. ಟಾರ್ಚ್ ಹಿಡಿದು ಮೇಲ್ದುಟಿ ಎತ್ತಿದರೆ ವಸಡಿನಲ್ಲಿ ತೂತು, ಅದರೊಳಗೆ ಬಿಳಿ ತುದಿಗಳು ಮಿಸುಕಾಡುತ್ತಿದ್ದವು. ಬಾಯೊಳಗಿನದಕ್ಕೆ ನಾನು ಕೈ ಹಾಕುವುದಿಲ್ಲ; ನುಂಗಲಾಗದವರಿಗೆ, ಹುಳ ಹೊರಬರಿಸಲು ಹಚ್ಚುವ ಟರ್ಪೆಂಟೈನ್ ಎಣ್ಣೆಯಾಗಲಿ ಹುಳವಾಗಲಿ ಶ್ವಾಸನಾಳಕ್ಕೆ ಇಳಿದೀತು. ಮಗ್ಗುಲಾಗಿ ಮಲಗಿಸಿಕೊಂಡೇ ಆಸ್ಪತ್ರೆಗೆ ಸಾಗಿಸಿದೆವು.

ಕಾಲಿನದಾದರೆ, ಡಾಕ್ಟರು ಹೇಳಿದ ಮೇಲೆ, ನಾನೇ ಮಾಡುತ್ತೇನೆ. ಟರ್ಪೆಂಟೈನಿನಲ್ಲಿ ಅದ್ದಿದ ಗಾಜ್ ಅನ್ನು ಗಾಯದ ಬಾಯಿಗೆ ಒತ್ತಿ ಕೆಲವು ನಿಮಿಷ ಬಿಡಬೇಕು. ಈ ಹುಳ ತಲೆ ಕೆಳಗೆ ಮಾಡಿ ಕೊರೆಯುತ್ತದೆ, ಉಸಿರಾಡುವ ರಂಧ್ರ ಇರುವುದು ಹಿಂಭಾಗದಲ್ಲಿ. ಗಾಳಿ ಸಿಗದೆ ಮೇಲೆ ಬಂದಾಗ ಫೋರ್ಸೆಪ್ಸಿನಿಂದ (ಚಿಮ್ಮಟ) ಹಿಡಿಯಬೇಕು. ಒಳಗಿರುವಾಗಲೇ ಜೋರಾಗಿ ಜಗ್ಗಬಾರದು; ಮೈತುಂಬ ಮುಳ್ಳಿನ ಸಾಲುಗಳಿರುವುದರಿಂದ ಅರ್ಧ ಒಳಗೇ ಹರಿದು ಉಳಿಯುತ್ತದೆ. ಆಮೇಲೆ ಸಲೈನಿನಿಂದ ತೊಳೆದು ಪೂರ್ತಿ ಮುಚ್ಚುವುದು, ಮರುದಿನ ಮತ್ತೆ ಬಿಚ್ಚಿ ಹುಡುಕುವುದು. ಟಿಟಿ ಇಂಜೆಕ್ಷನ್, ತೂಕ ನೋಡಿ ಕೊಡುವ, ಹುಳ ಕೊಲ್ಲುವ ಔಷಧ ಐವರ್‌ಮೆಕ್ಟಿನ್ ಡಾಕ್ಟರಿಗೆ ಬಿಟ್ಟದ್ದು. ತೆಗೆದ ಹುಳವನ್ನು ಸ್ಪಿರಿಟ್ ಬಾಟಲಿಗೆ ಹಾಕುತ್ತೇವೆ. ಅಂಗಳಕ್ಕೆ ಚೆಲ್ಲಿದರೆ ಬಲಿತವು ಮಣ್ಣು ಸೇರಿ ನೊಣವಾಗಿಯೇ ಮೇಲೇಳುತ್ತವೆ.

ಎತ್ತಿನ ಗಾಯಕ್ಕೆ ತುಂಬಿದಂತೆ ನುಸಿಗುಳಿಗೆ ಪುಡಿ, ಸೀತಾಫಲದ ಎಲೆ ಅರೆದು ಮುತ್ಯಾಗೂ ಹಚ್ರಿ ಎನ್ನುವವರು ಇದ್ದಾರೆ. ನಾನು ಬಿಡುವುದಿಲ್ಲ. ನುಸಿಗುಳಿಗೆ ಮೈಗೆ ಹೀರಿದರೆ ರಕ್ತಕಣ ಒಡೆಯಬಹುದು.

ನಮ್ಮ ಬಿಸಿಲಿಗೆ ಬಾಗಿಲು ಹಾಕಿಡಿ ಎನ್ನುವುದು ಆಗದ ಮಾತು. ಅದಕ್ಕೇ ಕೂಲರ್ ಇಟ್ಟ ಕಿಟಕಿಯ ಸಂದಿಗೆಲ್ಲ ಜಾಳಿಗೆ ಬಡಿಸಿದೆ. ಈ ನೊಣ ಹಗಲಿನದು; ಮಧ್ಯಾಹ್ನ ಮಲಗುವವರಿಗೂ ಪರದೆ ಕಟ್ಟುತ್ತೇವೆ. ಹಗಲೊತ್ತು ಸೊಳ್ಳೆ ಎಲ್ಲಿ ಅದಾವ್ರಿ ಎಂದು ನಕ್ಕವರೂ ಉಂಟು. ಪ್ರತಿ ಊಟದ ನಂತರ ಬಾಯಿ ಒರೆಸುವುದು, ಒದ್ದೆಯಾದ ಪಟ್ಟಿ ಕೂಡಲೇ ಬದಲಿಸುವುದು, ಟಾರ್ಚ್ ಹಿಡಿದು ಮೂಗು, ಕಿವಿ, ಬೆರಳಸಂದಿ, ಡೈಪರ್ ಒಳಗೆ ನೋಡುವುದು ದಿನದ ಕೆಲಸ.

ಇದೆಲ್ಲಕ್ಕಿಂತ ಉಪಯೋಗವಾದದ್ದು ಬೇರೆ. 'ಮೂಗಿನ್ಯಾಗ ಏನೋ ಹರದಾಡತದ' ಎಂದು ಒಬ್ಬ ಮುತ್ಯಾ ಅನ್ನುತ್ತಿದ್ದರು, ಮರೆವಿನ ರೋಗ ಇದ್ದದ್ದರಿಂದ ಎಲ್ಲರೂ ಭ್ರಮೆ ಎಂದುಕೊಂಡಿದ್ದರು. ಇಎನ್‌ಟಿ ಡಾಕ್ಟರು ನೋಡಿದಾಗ ಹುಳವೇ ಇತ್ತು. ಈಗ ಅಂಥ ಮಾತು ಯಾರ ಬಾಯಲ್ಲಿ ಬಂದರೂ ಆಯಾ ರಿಜಿಸ್ಟರಿನಲ್ಲಿ ಬರೆಯುತ್ತಾಳೆ, ನಾನು ಟಾರ್ಚ್ ತಗೊಂಡು ಹೋಗುತ್ತೇನೆ.